ದೋಣಿ ಎಲ್ಲಿಟ್ಟಿದ್ದೀಯ?

ಜಯನಗರದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಇಬ್ಬರು ಯುವತಿಯರು ಕೂತಿದ್ದರು. ಅಂಜನಾ ಎಂಬಾಕೆಯ ಭುಜಕ್ಕೆ ಪಟ್ಟಿ ಕಟ್ಟಿದ್ದರು, ಇನ್ನೊಬ್ಬಳು ರೇಖಾ. ಇಬ್ಬರೂ ಎರಡು ಸೀಟಿನ ಒಂದೇ ರೇಸ್ ದೋಣಿಯಲ್ಲಿ ಹುಟ್ಟು ಹಾಕುವವರೆಂದು ಅವರ ಮಾತಿನಿಂದಲೇ ತಿಳಿಯಿತು.

“ಇವತ್ತು ಪಟ್ಟಿ ಬಿಚ್ತಾರೆ. ಮುಂದಿನ ವಾರ ಹುಟ್ಟು ಹಿಡೀಬಹುದಂತೆ. ದೋಣಿ ನಿಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲೇ ಇದೆ ತಾನೆ?”

“ಇಲ್ಲ ಕಣೆ. ಅಷ್ಟುದ್ದ ದೋಣಿ ಇಟ್ರೆ ಕಾರು ತಿರುಗಿಸೋಕಾಗಲ್ಲ ಅಂತ ಎಲ್ರೂ ಜಗಳಕ್ಕೆ ಬಂದ್ರು. ಹೊಸಕೆರೆಹಳ್ಳಿಗೆ ಸಾಗಿಸ್ದೆ.”

“ಒಬ್ಳೇ ಹೇಗೆ ಸಾಗಿಸ್ದೆ?”

“ನಮ್ಮ ಕ್ಲಬ್ಬಿನ ಸುಧಾಮಣಿ ಬಂದ್ಲು. ಅವರ ಮನೆ ಜೀಪಿನ ಮೇಲೆ ಕಟ್ಟಿ, ಬಾಲಕ್ಕೊಂದು ಕೆಂಪು ಬಟ್ಟೆ ಸಿಕ್ಕಿಸ್ಕೊಂಡು ಹೋದ್ವಿ. ಈಗ ಅವರ ಮನೆ ಶೆಡ್ಡಲ್ಲಿದೆ.”

“ಸುಮ್ನೆ ಕೊಟ್ಲಾ ಶೆಡ್ಡು?”

ರೇಖಾ ನೆಲ ನೋಡಿದಳು.

“ನಿನ್ನ ಸೀಟು ಕೇಳಿದ್ಲು.”

“ನೀನೇನಂದೆ?”

“ಬೇರೆ ಜಾಗ ಎಲ್ಲಿತ್ತು ಅಂಜು? ಬೀದೀಲಿ ಇಡೋಕಾಗುತ್ತಾ?”

“ಮೊನ್ನೆ ಮನೆಗೆ ಬಂದಾಗ, ಬೇಗ ಹುಷಾರಾಗು, ಕಾಯ್ತಿದೀನಿ ಅಂದ್ಯಲ್ಲ.”

“ಹೇಳೋಕೆ ಬಾಯಿ ಬರ್ಲಿಲ್ಲ. ಅಷ್ಟೊತ್ತಿಗೆ ನಾವಿಬ್ರೂ ರಾಜ್ಯಮಟ್ಟದ ರೇಸಿಗೆ ಹೆಸರು ಕೊಟ್ಟಾಗಿತ್ತು.”

“ನಾವಿಬ್ರೂ ಅಂದ್ರೆ?”

“ನಾನು, ಸುಧಾಮಣಿ.”

ಒಳಗಿನಿಂದ ಅಂಜನಾಳ ಹೆಸರು ಕರೆದರು. ರೇಖಾ ಅವಳ ಬ್ಯಾಗು ಎತ್ತಿಕೊಂಡು ಹಿಂದೆಯೇ ಎದ್ದಳು.

“ಇವರೂ ನಿಮ್ಮ ಜೊತೆಯವರಾ?” ಎಂದು ಬಾಗಿಲಲ್ಲಿದ್ದ ನರ್ಸ್ ಕೇಳಿದರು.

ಅಂಜನಾ ಚೆನ್ನಾಗಿದ್ದ ಕೈಯಿಂದ ಬ್ಯಾಗನ್ನು ತೆಗೆದುಕೊಂಡಳು.

“ಇಲ್ಲ ಸಿಸ್ಟರ್, ನಾನೊಬ್ಳೇ” ಎಂದು ಒಳಗೆ ಹೋದಳು.