ಕೊನೆಯವನ ದೀಪ

ಆಲದ ಮರ ದಾಟಿದರೆ ಮುಂದೆ ಒಂದೂ ಬೀದಿದೀಪವಿಲ್ಲ. ಅರ್ಧ ಮೈಲಿಗೆ ಒಂದು ಹಳೇ ಬಾವಿ, ಅಲ್ಲಿಂದಾಚೆ ಒಂದು ಮೈಲಿ ನೆಟ್ಟಗೆ ಕತ್ತಲು... ಆ ದಾರಿಯಲ್ಲಿ ನಮ್ಮ ಸೋದರತ್ತೆಯ ಮಗ ಹದಿನಾಲ್ಕು ವರ್ಷ ಸೈಕಲ್ ತುಳಿದಿದ್ದಾನೆ. ನೂಲಿನ ಮಿಲ್ಲಿನಲ್ಲಿ ಫಿಟ್ಟರ್. ನಮಗೆಲ್ಲ ಫಿಟ್ಟರ್ ಭಾವ. ಯಾರಾದರೂ ದೆವ್ವದ ಮಾತೆತ್ತಿದರೆ ಹೊಟ್ಟೆ ಹುಣ್ಣಾಗುವಂತೆ ನಕ್ಕು, ಹೇಳಿದವರ ನೀರಿಳಿಸುತ್ತಿದ್ದ. ಅಂಥವನಿಗೇ ಇದು ಆಗಿದ್ದು.

ಎರಡನೇ ಪಾಳಿ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಮೂವರು ಜೊತೆಗೆ ಹೊರಡುತ್ತಿದ್ದರು. ಮುಂದೆ ಬಾಯ್ಲರ್ ನೋಡಿಕೊಳ್ಳುವ ಹಿರಿಯರು, ಎಲ್ಲರೂ ಯಜಮಾನರು ಅನ್ನುತ್ತಿದ್ದರು, ನಡುವೆ ಭಾವ, ಹಿಂದೆ ಪ್ಯಾಕಿಂಗಿನವನು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಮಿಲ್ಲಿನಲ್ಲಿ ಯಾರೂ ಅದನ್ನು ಕೇಳಿದವರಲ್ಲ. ಸದಾ ಕೊನೆಗಿರುತ್ತಾನೆ ಅಂತ ಬಾಲ ಅನ್ನುತ್ತಿದ್ದರು. ಯಜಮಾನರ ಮನೆ ಆಲದ ಮರದ ಹತ್ತಿರ, ಭಾವನದು ಬಾವಿ ಪಕ್ಕದ ಓಣಿ, ಬಾಲನದು ಆ ಕತ್ತಲ ಮೈಲಿಯ ಆಚೆ ತುದಿ.

ಮೂವರಿಗೂ ಸೇರಿ ಒಂದೇ ಕೆಂಪು ದೀಪ. ಇದು ಯಜಮಾನರ ಕಾನೂನು. ಹಿಂದಿನಿಂದ ಬರುವ ಲಾರಿಗೆ ಕಾಣಬೇಕಾದವನು ಕೊನೆಯವನು, ಅವನು ಕಂಡರೆ ಮುಂದಿನವರೂ ಉಳಿದರು ಅನ್ನುತ್ತಿದ್ದರು. ಹಾಗಾಗಿ ದೀಪ ಬಾಲನ ಸೀಟಿನ ಕೆಳಗೆ. ಇನ್ನೊಂದು ಕಾನೂನು, ಯಾರೂ ಹಿಂದೆ ತಿರುಗಿ ನೋಡಬಾರದು. ರಸ್ತೆ ಕಿರಿದು, ಪಕ್ಕದಲ್ಲೇ ಚರಂಡಿ, ಕತ್ತು ತಿರುಗಿಸಿದರೆ ಹ್ಯಾಂಡಲ್ಲೂ ತಿರುಗುತ್ತದೆ. ಎಲ್ಲರೂ ಬರುತ್ತಿದ್ದಾರೆ ಅಂತ ಗೊತ್ತಾಗಲು ಬೆಲ್ಲು. ಯಜಮಾನರದು ಒಂದು ಸಲ... ಟ್ರಿಣ್. ಭಾವನದು ಎರಡು... ಟ್ರಿಣ್, ಟ್ರಿಣ್. ಬಾಲನದು ಮೂರು. ಅವನ ಬೆಲ್ಲಿಗೆ ತುಕ್ಕು ಹಿಡಿದು ಮೂರನೆಯದು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತಿತ್ತು. ಟ್ರಿಣ್, ಟ್ರಿಣ್... ಟ್ರಕ್.

ಒಂದು ದಿನ ದೀಪದ ಕ್ಲಿಪ್ಪು ಮುರಿಯಿತು. ಭಾವ ಪಾಳಿಯ ನಡುವೆ ಕೂತು, ಕ್ಲಿಪ್ಪಿನ ಬದಲು ನಟ್ಟು ಬೋಲ್ಟು ಹಾಕಿ, ಗಟ್ಟಿಯಾಗಿದೆಯಾ ನೋಡೋಣ ಅಂತ ತನ್ನ ಸೈಕಲ್ಲಿಗೇ ಬಿಗಿದ. ಫಿಟ್ಟರ್ ಕೈ, ಬಿಗಿದರೆ ಬಿಗಿದಂತೆಯೇ. ರಾತ್ರಿ ಹಾಗೇ ಹೊರಟ. ಬಾವಿಯ ಹತ್ತಿರ ಓಣಿಗೆ ತಿರುಗುವಾಗ ಹಿಂದಿನಿಂದ ಬಾಲ ಮೆಲ್ಲಗೆ ಕೇಳಿದ.

"ಅಣ್ಣಾ, ದೀಪ..."

ಭಾವನಿಗೆ ಹಸಿವು, ನಿದ್ದೆ. ಬಿಚ್ಚಬೇಕಾದರೆ ಸ್ಪ್ಯಾನರ್ ಹುಡುಕಬೇಕು. "ನಾಳೆ ಕೊಡ್ತೀನಿ ಹೋಗೋ. ಒಂದು ಮೈಲಿ ತಾನೆ."

ಬಾಲ ಹೋದ. ಆ ಒಂದು ಮೈಲಿಯಲ್ಲಿ ಹಿಂದಿನಿಂದ ಬಂದ ಲಾರಿಗೆ ಅವನು ಕಾಣಲೇ ಇಲ್ಲ. ನಸುಕಿನಲ್ಲಿ ಹಾಲಿನವನು ನೋಡುವಾಗ ಮೈ ತಣ್ಣಗಾಗಿತ್ತು.

ಎಲ್ಲರೂ ಭಾವನನ್ನೇ ಕೇಳಿದರು. ದೀಪ ಕೊಡೋದು ಮರೆತೆ, ಅವನೂ ಕೇಳಲಿಲ್ಲ ಅಂದುಬಿಟ್ಟ. ಅವನೂ ಕೇಳಲಿಲ್ಲ... ಅಷ್ಟೇ ಸಾಕಾಯಿತು, ಜನರ ಬಾಯಿ ಸತ್ತವನ ಮೇಲೆ ತಿರುಗಿತು. ಕೇಳಿ ಇಸಕೊಳ್ಳೋಕೆ ಅವನಿಗೇನು ದಾಡಿಯಾಗಿತ್ತು, ಮನೆಯಲ್ಲಿ ಹೆಂಡತಿ ಇರೋದು ನೆನಪಿರಲಿಲ್ಲವಾ ಅಂದರು. ಭಾವ ಸುಮ್ಮನಿದ್ದ. ಸ್ವಂತ ಭಾವನಾದರೇನು, ಆ ಸುಮ್ಮನಿದ್ದದ್ದಕ್ಕೆ ಅವನ ಮೇಲೆ ಈಗಲೂ ಸಿಟ್ಟು ಬರುತ್ತದೆ.

ನಾಲ್ಕು ತಿಂಗಳಾದ ಮೇಲೆ ಬಾಲನ ಹೆಂಡತಿ ಮಿಲ್ಲಿಗೆ ಬಂದಳು. ಅವನ ಚಪ್ಪಲಿ, ಟವೆಲ್ಲು ಅಲ್ಲೇ ಉಳಿದಿದ್ದವು, ತೆಗೆದುಕೊಂಡು ಹೋಗೋಕೆ. ಗೇಟಿನಲ್ಲಿ ಭಾವ ಎದುರಾದ. ಆಕೆ ಅಳಲಿಲ್ಲ, ಕೂಗಾಡಲಿಲ್ಲ.

"ಅವರು ನಿಜವಾಗ್ಲೂ ದೀಪ ಕೇಳ್ಲಿಲ್ವಾ ಅಣ್ಣ?"

ಭಾವ ನೆಲ ನೋಡಿಕೊಂಡು, "ಇಲ್ಲಮ್ಮ" ಅಂದ.

ಅವತ್ತೇ ರಾತ್ರಿ...

ಈಗ ಕೊನೆಯವನು ಭಾವನೇ. ದೀಪ ಅವನ ಸೀಟಿನ ಕೆಳಗೇ ಇತ್ತು. ಆಲದ ಮರದ ಹತ್ತಿರ ಯಜಮಾನರು ಮನೆ ಕಡೆ ತಿರುಗಿದರು. ಟ್ರಿಣ್. ಭಾವ ಎರಡು ಹೊಡೆದ. ಟ್ರಿಣ್, ಟ್ರಿಣ್. ಮರದ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಚೈನು ಮಾತ್ರ ಕರಕರ ಅನ್ನುತ್ತಿತ್ತು. ಆಗ...

ಟ್ರಿಣ್, ಟ್ರಿಣ್... ಟ್ರಕ್.

ಬೆನ್ನ ಹಿಂದೆ. ಹತ್ತು ಮಾರು ದೂರ ಇರಬಹುದು.

ಭಾವ ತಿರುಗಲಿಲ್ಲ. ಜೋರಾಗಿ ತುಳಿದ. ಹಿಂದೆ ಟೈರು ಜಲ್ಲಿಯ ಮೇಲೆ ಸರಸರ ಅನ್ನುತ್ತಿತ್ತು, ಅದೂ ಜೋರಾಯಿತು. ನಿಧಾನ ಮಾಡಿದ. ಅದೂ ನಿಧಾನ. ಬಾವಿ ಬಂತು. ಕಾಲು ನೆಲಕ್ಕೆ ಕೊಟ್ಟು ನಿಂತ. ಹಿಂದೆ ಬ್ರೇಕು ಕಿಂಯ್ ಅಂತು. ಆಮೇಲೆ ಯಾರೋ ಉಸಿರು ಬಿಡುವುದು ಕೇಳಿಸಿತು... ದಣಿದು ಬಂದವರ ಉಸಿರು.

"ಅಣ್ಣಾ, ದೀಪ..."

ದೂರದಲ್ಲಿ ಲಾರಿಯೊಂದು ಗೇರ್ ಬದಲಿಸಿತು. ಗುರ್ರ್... ಈ ಕಡೆಗೇ ಬರುತ್ತಿತ್ತು. ಬಾಲ ಹೋದಾಗಿನಿಂದ ಜೇಬಿನಲ್ಲೇ ಇರುತ್ತಿದ್ದ ಸ್ಪ್ಯಾನರನ್ನು ಭಾವ ತೆಗೆದ. ಕಣ್ಣು ಮುಚ್ಚಿಕೊಂಡೇ ಸೀಟಿನ ಕೆಳಗೆ ತಡಕಿದ. ಬೆವರಿಗೆ ಎರಡು ಸಲ ಜಾರಿತು. ನಟ್ಟು ಬಿಚ್ಚಿ, ದೀಪ ಹಿಡಿದ ಕೈಯನ್ನು ಹಿಂದಕ್ಕೆ ಚಾಚಿದ. ಯಾರೋ ಇಸಕೊಂಡರು. ಕಿತ್ತುಕೊಳ್ಳಲಿಲ್ಲ... ಇಸಕೊಂಡರು. ಬೆರಳು ತಾಗಿತು. ತಣ್ಣಗಿರಲಿಲ್ಲ ಅಂತಾನೆ ಭಾವ. ಕೆಲಸ ಮುಗಿಸಿ ಬಂದವರ ಬೆರಳಂತೆ ಬೆಚ್ಚಗೆ, ಒರಟಾಗಿತ್ತಂತೆ. ಪಕ್ಕದಲ್ಲಿ ಗಾಳಿ ಸುಳಿಯಿತು. ಮುಂದೆ, ಕತ್ತಲಲ್ಲಿ, ಒಂದು ಕೆಂಪು ಚುಕ್ಕಿ ಹೊರಟಿತು.

ಲಾರಿ ಬಂತು. ಭಾವ ಚರಂಡಿಯ ಅಂಚಿಗೆ ಒತ್ತಿ ನಿಂತ. ಕೆಂಪು ಚುಕ್ಕಿಯ ಹತ್ತಿರ ಹೋಗುತ್ತಲೇ ಲಾರಿ ನಿಧಾನವಾಯಿತು. ಮೆಲ್ಲಗೆ ಒಂದು ಹಾರ್ನ್ ಹೊಡೆಯಿತು. ಬಳಸಿಕೊಂಡು ಮುಂದೆ ಹೋಯಿತು.

ಓಣಿಯಲ್ಲಿ ಭಾವನ ಮನೆಯ ಬೆಳಕು ಕಾಣುತ್ತಿತ್ತು. ಹೋಗಿ ಕದ ಹಾಕಿಕೊಳ್ಳಬಹುದಿತ್ತು. ಆದರೆ ಇವತ್ತು ಆಕೆಗೆ ನಿಜ ಹೇಳದಿದ್ದರೆ ನಾಳೆಯಿಂದ ತಾನು ಮನುಷ್ಯನೇ ಅಲ್ಲ ಅನ್ನಿಸಿತಂತೆ. ದೀಪವಿಲ್ಲದ ಸೈಕಲ್ಲಿನಲ್ಲಿ ಆ ಕತ್ತಲ ಮೈಲಿಯುದ್ದಕ್ಕೂ ಚುಕ್ಕಿಯ ಹಿಂದೆಯೇ ಹೋದ. ಬಾಲನ ಮನೆ ಮೂಲೆಯಲ್ಲಿ ತಿರುಗಿ ಅದು ಕಾಣದಾಯಿತು.

ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ಬಾಲನ ಹೆಂಡತಿ. ಭಾವ ಸೈಕಲ್ಲು ಗೋಡೆಗೆ ಒರಗಿಸಿದ. ಆಕೆಯೇ ಪಿಸುಗುಟ್ಟಿದಳು.

"ಕೇಳಿದ್ರಂತೆ ಅಣ್ಣ. ನೀವು ನಾಳೆ ಅಂದ್ರಂತೆ. ಒಂದು ಮೈಲಿ ತಾನೆ ಅಂದ್ರಂತೆ."

ಭಾವ ಅಲ್ಲೇ ನೆಲದ ಮೇಲೆ ಕೂತ. "ಹೌದಮ್ಮ, ಕೇಳಿದ. ನಾನೇ ಕೊಡ್ಲಿಲ್ಲ." ಹೇಳಿ ಮಗುವಿನ ಹಾಗೆ ಅತ್ತ. ಆಕೆ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬೆರಳು ತುಟಿಗಿಟ್ಟಳು.

"ಮೆಲ್ಲಗೆ... ಸ್ನಾನಕ್ಕೆ ಹೋಗಿದಾರೆ."

ಒಳಗೆ ಬಚ್ಚಲಲ್ಲಿ ಚೊಂಬು ನೀರಿನಲ್ಲಿ ಮುಳುಗಿತು. ಗುಳುಂ... ಕಲ್ಲಿನ ಮೇಲೆ ನೀರು ಸುರಿಯಿತು. ಮತ್ತೆ... ಗುಳುಂ.

ಭಾವ ಮನೆ ಹೇಗೆ ಸೇರಿದನೋ ಅವನಿಗೇ ಗೊತ್ತಿಲ್ಲ. ಬೆಳಗಾಗುತ್ತಲೇ ಯಜಮಾನರ ಮುಂದೆ ಎಲ್ಲ ಒಪ್ಪಿಕೊಂಡು, ಅವರನ್ನು ಕರೆದುಕೊಂಡು ಮತ್ತೆ ಹೋದ. ಆಕೆ ಬಚ್ಚಲ ಕಡೆ ಕೈ ತೋರಿಸಿದಳು, ಅಷ್ಟೇ. ಯಜಮಾನರು ಸುಳ್ಳು ಹೇಳುವ ಪೈಕಿ ಅಲ್ಲ, ಕೂರಿಸಿ ಕೇಳಿ ಬೇಕಾದರೆ. ಆ ಮನೆಯಿಂದ ಮಿಲ್ಲಿಗೆ ಹೋಗುವವರು ನಾಲ್ಕು ತಿಂಗಳಿಂದ ಯಾರೂ ಇರಲಿಲ್ಲ. ಆದರೂ ಬಚ್ಚಲ ತೂಬಿನ ಬಾಯಲ್ಲಿ, ಮಿಲ್ಲಿನವರು ತಲೆ ತೊಳೆದರೆ ಇಳಿಯುತ್ತದಲ್ಲ, ಆ ಹತ್ತಿಯ ಧೂಳು ಒಂದು ಹಿಡಿಯಷ್ಟು ಕಟ್ಟಿಕೊಂಡಿತ್ತು. ಯಜಮಾನರು ಕೈಯಲ್ಲಿ ಎತ್ತಿ ಹಿಂಡಿ ನೋಡಿದ್ದಾರೆ... ಇನ್ನೂ ಹಸಿಯಾಗಿತ್ತು.