ಜೇಬಿನಲ್ಲೇ ಇದ್ದ ಫ್ಯೂಸು

ಅಧ್ಯಕ್ಷರಿಗೆ, ಮುಂದೆ ಕೂತಿರುವ ಗುರುಪತ್ನಿ ಅನಂತಮತಿಯಮ್ಮನವರಿಗೆ, ಶ್ರವಣಬೆಳಗೊಳದಿಂದ ಬಂದಿರುವ ಅವರ ಬಂಧುಗಳಿಗೆ, ಚನ್ನರಾಯಪಟ್ಟಣದ ಈ ಪೇಟೆಬೀದಿಯ ಮಹನೀಯರಿಗೆ — ನಮಸ್ಕಾರ.

ನಾನು ಚಂದ್ರಶೇಖರಯ್ಯ. ಬಾಗೂರಿನವನು, ಕರೆಂಟು ಇಲಾಖೆಯಲ್ಲಿ ಲೈನ್‌ಮನ್. ಹೋದ ಮಂಗಳವಾರ ನಿಮ್ಮ ಬೀದಿಯ ಕಂಬದ ಮೇಲೆ ಪ್ರಾಣ ಬಿಟ್ಟ ಇಂದ್ರಕುಮಾರಯ್ಯನವರು ನನಗೆ ಮೇಲಧಿಕಾರಿ. ಅದಕ್ಕಿಂತ ಮೊದಲು ಗುರುಗಳು. ಕ್ಷಮಿಸಬೇಕು, ಈ ಮೇಜು ಹಿಡಿದುಕೊಂಡೇ ಮಾತಾಡುತ್ತೇನೆ.

ಹಾಸನದಲ್ಲಿ ನಮ್ಮ ಇಲಾಖೆಯ ಉಗ್ರಾಣದ ಹಿಂದಿನ ಗೋಡೆಯೇ ನಮ್ಮ ಪಾಠಶಾಲೆ. ಇದ್ದಿಲಿನಲ್ಲಿ ತಂತಿಯ ದಾರಿ ಬರೆದು ನಮ್ಮನ್ನು ಕರೆಯುತ್ತಿದ್ದರು. "ಕರೆಂಟು ಎಲ್ಲಿಂದ ಒಂಟ್ತು, ಎಂಗೆ ವಾಪಸ್ ಬಂತು — ಬೆರ್ಳಿಟ್ಟು ತೋರ್ಸಯ್ಯ." ದಾರಿ ಕವಲೊಡೆಯುವ ಕಡೆ ಬೆರಳು ತಡೆದು ನಿಲ್ಲಿಸುವರು. "ಇಲ್ಲಿಗೆ ಬಂದಿದ್ದಷ್ಟೂ ಇಲ್ಲಿಂದ ಓಗ್ಲೇಬೇಕು ಕಣಯ್ಯ. ಯಾವ್ಯಾವ ಕಡೆ ಓಯ್ತು, ಲೆಕ್ಕ ಕೊಡು." ಲೆಕ್ಕ ತಪ್ಪಿದರೆ ಬೈಯುತ್ತಿರಲಿಲ್ಲ. ಅಳಿಸಿ ಮತ್ತೆ ಬರೆಯುತ್ತಿದ್ದರು, ಮಸಿ ಕೈಯನ್ನು ಪಂಚೆಗೇ ಒರೆಸಿಕೊಳ್ಳುತ್ತಿದ್ದರು. ಆ ಪಂಚೆ ಒಗೆದು ಒಗೆದು ಅಮ್ಮನವರಿಗೆ ಸಾಕಾಗಿತ್ತು — ಅಲ್ಲವೇನಮ್ಮ?

ಅರಕಲಗೂಡಿನ ನಮ್ಮ ತಿಮ್ಮಪ್ಪ ಇಲ್ಲೇ ಇದ್ದಾನೆ, ಅವನಿಗೆ ನೆನಪಿರುತ್ತದೆ. ಒಂದು ದಿನ ಹಲಗೆಯ ಮೇಲೆ ಬ್ಯಾಟರಿ, ಸಣ್ಣ ಬಲ್ಬು, ತಂತಿ ಜೋಡಿಸಿದ್ದರು. ತಿಮ್ಮಪ್ಪ ಬ್ಯಾಟರಿಯ ತಂತಿ ಕಿತ್ತು, "ಕಿತ್ತಾಕ್ಬುಟ್ಟೆ ಸಾ, ಇನ್ಯಾತರ ಭಯ?" ಎಂದ. ಅವರು ಹಲಗೆಯ ಆ ತುದಿಗೆ ಇನ್ನೊಂದು ಬ್ಯಾಟರಿ ಮುಟ್ಟಿಸಿದರು — ಹೀಗೆ. ಬಲ್ಬು ಹತ್ತಿಕೊಂಡಿತು. "ಮುಂದಿನ ಬಾಗ್ಲು ಆಕ್ದೆ, ಸರಿ. ಇತ್ತಲ ಬಾಗ್ಲು ನೋಡಿದ್ಯೇನ್ಲಾ?" ಎಂದರು. ನಾವೆಲ್ಲ ನಕ್ಕೆವು. ಆವತ್ತು ನಕ್ಕೆವು.

ನಮ್ಮಲ್ಲೊಂದು ಪದ್ಧತಿ ಇದೆ. ಕಂಬ ಹತ್ತುವವನು ಆ ಲೈನಿನ ಫ್ಯೂಸು ತಾನೇ ಕಿತ್ತು, ತನ್ನ ಜೇಬಿಗೆ ಹಾಕಿಕೊಂಡು ಹತ್ತಬೇಕು. ಬೇರೆಯವರ ಕೈಗೆ ಕೊಡಬಾರದು. ಮಂಗಳವಾರ, ಈ ಬೀದಿಯ ತಂತಿ ತುಂಡಾದಾಗ, ಅವರು ಹಾಗೇ ಮಾಡಿದರು. ನಾನು ಕೆಳಗೆ ಹಗ್ಗ ಹಿಡಿದು ನಿಂತಿದ್ದೆ. ಮೇಲೆ ಹೋಗಿ ತಂತಿಗೆ ಬಲ್ಬು ಮುಟ್ಟಿಸಿ ನೋಡಿದರು, ಹತ್ತಲಿಲ್ಲ. "ಸತ್ತದೆ ಕಣಯ್ಯ, ಪಕ್ಕಡ್ ಕಳ್ಸು" ಎಂದರು. ಯುದ್ಧ ಬಂದ ಮೇಲೆ ರಬ್ಬರ್ ಗ್ಲೌಸು ಸಿಗುತ್ತಿಲ್ಲ, ಬರಿಗೈ. ತಂತಿ ಹಿಡಿಯುವ ಆ ಇಕ್ಕಳ ಕೈಗೆ ಸೇರಿ ಇನ್ನೂ ಎರಡು ಮಾತಾಡಿಲ್ಲ — ತಂತಿಗೆ ಜೀವ ಬಂತು.

ಎಲ್ಲಿಂದ ಬಂತು? ಫ್ಯೂಸು ಅವರ ಜೇಬಿನಲ್ಲೇ ಇತ್ತು. ಇಗೋ, ಇದೇ. ಇವತ್ತು ಬೆಳಿಗ್ಗೆ ಅಮ್ಮನವರು ನನ್ನ ಕೈಗೆ ಕೊಟ್ಟರು.

ಈ ಬೀದಿಯಲ್ಲಿ ಯಾರೋ, ಕರೆಂಟು ಹೋಯಿತೆಂದು, ತಮ್ಮ ಎಂಜಿನ್ ಹಾಕಿ ಡೈನಮೋ ತಿರುಗಿಸಿದ್ದಾರೆ. ಮೇನ್ ಸ್ವಿಚ್ಚು ಆರಿಸಿಲ್ಲ. ಮನೆಗೆ ಕರೆಂಟು ತರುವ ತಂತಿಯಲ್ಲೇ ಆ ಕರೆಂಟು ಹಿಂದಕ್ಕೆ ಹರಿದು ಕಂಬಕ್ಕೆ ಬಂದಿದೆ. ಕೊಲ್ಲಬೇಕೆಂದು ಮಾಡಿದ್ದಲ್ಲ, ಗೊತ್ತಿಲ್ಲದೆ ಮಾಡಿದ್ದು. ನಾವು ಮನೆಮನೆ ಹುಡುಕಿದೆವು. ಎಂಜಿನ್‌ಗಳು ಸಿಕ್ಕವು, ಮನೆಯ ತಂತಿಗೆ ಸೇರಿಸಿದ ಆ ಜೋಡಣೆ ಸಿಗಲಿಲ್ಲ. ಹೆದರಿ ಬಚ್ಚಿಟ್ಟಿದ್ದಾರೆ.

ನನಗೂ ಹೆದರಿಕೆ. ದೊಡ್ಡ ಸಭೆಯಲ್ಲಿ ಗಂಡಸು ಹೇಳುವ ಮಾತಲ್ಲ, ಆದರೂ ಹೇಳುತ್ತೇನೆ. ಪಾಠ ಬಾರದವನು ಸತ್ತಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಪಾಠ ಹೇಳಿಕೊಟ್ಟವರೇ, ಒಂದನ್ನೂ ತಪ್ಪದೆ, ಎಲ್ಲ ಮಾಡಿ ಸತ್ತರು. ಆವತ್ತಿನಿಂದ ಎಲ್ಲಾದರೂ ಎಂಜಿನ್ ಸದ್ದು ಕೇಳಿದರೆ ಕೈಲಿದ್ದ ಕೆಲಸ ಬಿಟ್ಟು ಹಿಂದೆ ಸರಿಯುತ್ತೇನೆ. ನಮ್ಮವ್ವ ಬಸವಲಿಂಗಮ್ಮ ಬಾಗಿಲಿಗೆ ಅಡ್ಡ ನಿಂತು, "ಕೂಲಿ ಮಾಡಾನ ಕಣ್ ಮಗ, ಆ ಕಂಬ ಬ್ಯಾಡ" ಅಂತ ಅಳುತ್ತಾಳೆ. ಆದರೆ ತುಂಡಾದ ತಂತಿ ಹಾಗೇ ಜೋತಾಡುತ್ತಿದೆ, ನಿಮ್ಮ ಮಕ್ಕಳು ಅದರ ಕೆಳಗೇ ಓಡಾಡುತ್ತಿವೆ. ನಾಳೆ ಬೆಳಿಗ್ಗೆ ಆ ಕಂಬ ಹತ್ತುವವನು ನಾನು. ಈ ಫ್ಯೂಸು ನನ್ನ ಜೇಬಿನಲ್ಲಿರುತ್ತದೆ. ಹಿತ್ತಲ ಬಾಗಿಲು ಯಾರ ಮನೆಯದೋ ನನಗೆ ಗೊತ್ತಿಲ್ಲ.

ಗುರುಗಳ ಗುಣಗಾನ ಇನ್ನೂ ಮಾಡಬೇಕಿತ್ತು. ಆಗುತ್ತಿಲ್ಲ, ಅಮ್ಮ, ಮನ್ನಿಸಿ.

ಈಗ ಎಲ್ಲರೂ ದಯಮಾಡಿ ಎದ್ದು ನಿಂತು, ಇಂದ್ರಕುಮಾರಯ್ಯನವರಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ಆಮೇಲೆ ಎಲ್ಲರೂ ಕೂತುಕೊಳ್ಳಿ. ಆ ಡೈನಮೋ ತಿರುಗಿಸಿದವರು ಈ ಸಭೆಯಲ್ಲಿದ್ದರೆ — ನೀವೊಬ್ಬರು ಮಾತ್ರ ಕೂರಬೇಡಿ. ನಿಂತೇ ಇರಿ. ನಾನು ಏನೂ ಕೇಳುವುದಿಲ್ಲ. ನಿಮ್ಮ ಜೊತೆ ಮನೆಗೆ ಬಂದು, ಆ ಡೈನಮೋ ತಂತಿ ಬಿಚ್ಚಿಕೊಡುತ್ತೇನೆ.

ಏಳಿ.