ಹನ್ನೊಂದನೇ ಪಂದ್ಯಕ್ಕೆ ಬಂದ ಸೊಸೆ

ಇವತ್ತು ಪುರಾಣ ಬೇಡ, ಒಂದು ವಾಲಿಬಾಲ್ ಕಥೆ ಹೇಳ್ತೀನಿ. ಸ್ವಾಮಿಗಳು ವಾಲಿಬಾಲ್ ಕಥೆ ಹೇಳಬಹುದಾ ಅಂತ ಹಿಂದೆ ಕೂತವರು ಮುಖ ಮುಖ ನೋಡ್ಕೋತಿದ್ದೀರಿ. ಹೇಳಬಹುದು. ಮಠಕ್ಕೆ ಬರೋ ಮುಂಚೆ ನಾನೂ ಆಡಿದವನೇ. ಅಷ್ಟು ಚೆನ್ನಾಗಿ ಆಡ್ತಿರಲಿಲ್ಲ, ಅದು ಬೇರೆ ಮಾತು.

ನೋಡಿ, ಹೊಳೆಯ ಆಚೆ ದಡದಲ್ಲಿ ಒಂದು ಊರು. ಆ ಊರಲ್ಲಿ ಒಬ್ಬ ಅನುಕೂಲಸ್ಥ, ಹೆಸರು ಮುರಿಗೆಪ್ಪ. ಮೂರು ಮಂಡಕ್ಕಿ ಭಟ್ಟಿ ಇದ್ದವು. ಒಳ್ಳೆ ಮನುಷ್ಯ. ಕುಡಿಯೋನಲ್ಲ, ಇಸ್ಪೀಟು ಮುಟ್ಟೋನಲ್ಲ. ಅವನಿಗಿದ್ದ ಹುಚ್ಚು ಒಂದೇ, ಭಟ್ಟಿ ಓಣಿಯ ವಾಲಿಬಾಲ್ ತಂಡ. ಸುತ್ತಲಿನ ಎಂಟು ಊರು ಸೇರಿ ವರ್ಷಕ್ಕೊಂದು ಲೀಗ್ ನಡೆಸ್ತಿದ್ರು. ಭಾನುವಾರಕ್ಕೊಂದರಂತೆ ಒಂದೊಂದು ತಂಡಕ್ಕೂ ಹದಿನಾಲ್ಕು ಪಂದ್ಯ. ಹೆಚ್ಚು ಗೆದ್ದವರಿಗೆ ಶೀಲ್ಡು. ಇಪ್ಪತ್ತೆರಡು ವರ್ಷದಲ್ಲಿ ಭಟ್ಟಿ ಓಣಿಗೆ ಆ ಶೀಲ್ಡು ಒಂದು ಸಲವೂ ಬಂದಿರಲಿಲ್ಲ. ಆದರೂ ಮುರಿಗೆಪ್ಪ ಒಂದು ಪಂದ್ಯ ತಪ್ಪಿಸಿದವನಲ್ಲ. ತಾಯಿಯ ಹನ್ನೊಂದನೇ ದಿನದ ಕಾರ್ಯ ಮುಗಿಸಿ, ಒದ್ದೆ ತಲೇಲೇ ಮೈದಾನಕ್ಕೆ ಹೋದವನು. ಅಂಥ ಅಭಿಮಾನಿ.

ಆ ವರ್ಷ ಏನಾಯ್ತು? ಹತ್ತು ಪಂದ್ಯದಲ್ಲಿ ಒಂಬತ್ತು ಗೆದ್ದರು. ಉಳಿದ ನಾಲ್ಕರಲ್ಲಿ ಎರಡು ಗೆದ್ದರೆ ಶೀಲ್ಡು ನಮ್ಮದು. ಮುರಿಗೆಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಡಿಗನನ್ನ ಕರೆಸಿ ತನ್ನ ಮಂಡಕ್ಕಿ ಅಂಗಡಿ ಗೋಡೆಗೆ ಒಂದು ಹಲಗೆ ಹೊಡೆಸಿದ, ಶೀಲ್ಡು ಇಡೋಕೆ. ಬಂದವರಿಗೆಲ್ಲ ಹೇಳೋನು, "ಹುಡುಗರು ಏನು ಆಡ್ತಾರೆ ಅಂತೀರಿ."

ಅದೇ ಹೊತ್ತಿಗೆ ಮಗ ನಾಗಭೂಷಣನ ಮದುವೆ ಆಯ್ತು. ಸೊಸೆ ಶಾಂಭವಿ, ಹೊಳಲ್ಕೆರೆ ಕಡೆಯವಳು, ಬಸ್ ಕಂಡಕ್ಟರ್ ಒಬ್ಬರ ಮಗಳು. ಮಾತಾಡ್ತಾ ಮಾತಾಡ್ತಾ ಗೊತ್ತಾಯ್ತು, ಆಕೆ ಕಾಲೇಜಲ್ಲಿ ವಾಲಿಬಾಲ್ ಆಡಿದವಳು. ಮಾವನಿಗೆ ಎಷ್ಟು ಖುಷಿ ಅಂತೀರಿ. ಮದುವೆ ಆದ ಮೊದಲ ಭಾನುವಾರವೇ, "ಬಾರಮ್ಮ, ನಮ್ಮ ಹುಡುಗರ ಆಟ ತೋರಿಸ್ತೀನಿ" ಅಂತ ತಾನೇ ಕರ್ಕೊಂಡು ಹೋದ. ಮುಂದಿನ ಸಾಲಲ್ಲಿ ತನ್ನ ಪಕ್ಕವೇ ಕೂರಿಸ್ಕೊಂಡ. ಅದು ಹನ್ನೊಂದನೇ ಪಂದ್ಯ.

ಸೋತರು.

ಪರವಾಗಿಲ್ಲ, ಇನ್ನೂ ಮೂರಿದೆ ಅಂದ. ಹನ್ನೆರಡನೇದಕ್ಕೂ ಸೊಸೆ ಬಂದಳು. ಅದೂ ಸೋತರು. ಹದಿಮೂರನೇದು ಐದು ಸೆಟ್ ಎಳೀತು, ಕೊನೆಗೆ ಎರಡೇ ಪಾಯಿಂಟಲ್ಲಿ ಕೈತಪ್ಪಿತು. ಹಿಂದಿದ್ದವರು ಸಮಕ್ಕೆ ಬಂದುಬಿಟ್ಟರು.

ಮಾರನೇ ದಿನ ಭಟ್ಟಿ ಮುಂದೆ ಹತ್ತು ಜನ ಸೇರಿದ್ರು. ಅದರಲ್ಲೊಬ್ಬ ಬೀಡಿ ಹಚ್ಕೊಂಡು ಸುಮ್ಮನೆ ಕೇಳಿದ, "ಅಲ್ರೀ, ಹತ್ತು ಪಂದ್ಯ ಚೆನ್ನಾಗೇ ಇತ್ತಲ್ಲ. ಹನ್ನೊಂದನೇದಕ್ಕೆ ಹೊಸದಾಗಿ ಬಂದವರು ಯಾರು?"

ನೋಡಿ, ಆ ಮಾತು ಆಡಿದವನು ಆಡಿ ಎದ್ದುಹೋದ. ಅವನ ಹೆಸರೂ ನನಗೆ ಗೊತ್ತಿಲ್ಲ. ಆದರೆ ಮುರಿಗೆಪ್ಪ ಏನಂದ? "ಛೇ, ಏನು ಮಾತು" ಅನ್ನಬಹುದಿತ್ತು. ನಕ್ಕು ಬಿಡಬಹುದಿತ್ತು. ಅವನು ಅಂದಿದ್ದು, "ಹೌದಪ್ಪ. ನಮ್ಮ ಮನೆ ಸೊಸೆ ಕಾಲ್ಗುಣ." ಹತ್ತು ಜನರೆದುರು ಅಂದ. ಹಿಂದೆ ಶಾಂಭವಿ ನಿಂತಿದ್ದಳು. ಮಾವನ ಮಾತ್ರೆ ಮನೇಲೇ ಉಳಿದಿತ್ತು ಅಂತ ಕೊಡೋಕೆ ಬಂದಿದ್ದಳು. ಮಾತ್ರೆ ಅವನ ಕೈಗೆ ಕೊಟ್ಟು ಮನೆಗೆ ಹೋದಳು.

ಹದಿನಾಲ್ಕನೇ ಪಂದ್ಯದ ದಿನ ಮುರಿಗೆಪ್ಪ ಹೆಂಡತಿ ಹಾಲಮ್ಮನಿಗೆ ಹೇಳಿದ, "ಅವಳು ಇವತ್ತು ಹೊಸ್ತಿಲು ದಾಟೋದು ಬೇಡ." ದಾಟಲಿಲ್ಲ. ತಂಡ ಗೆದ್ದಿತಾ? ಮೂರಕ್ಕೆ ಮೂರು ಸೆಟ್ ಸೋತರು. ನಾಲ್ಕು ಪಂದ್ಯದಲ್ಲಿ ಅತ್ಯಂತ ಕೆಟ್ಟ ಸೋಲು ಅದೇ. ಶೀಲ್ಡು ಪಕ್ಕದೂರಿಗೆ ಹೋಯ್ತು.

ಈಗ ನೀವೇ ಹೇಳಿ, ಆ ಮನುಷ್ಯನಿಗೆ ಆಗಲಾದರೂ ಬುದ್ಧಿ ಬರಬೇಕಿತ್ತೋ ಬೇಡವೋ? ಸೊಸೆ ಮೈದಾನಕ್ಕೆ ಬರಲಿಲ್ಲ, ಆದರೂ ಸೋತರು. ಲೆಕ್ಕ ಅಲ್ಲಿಗೆ ಮುಗೀಬೇಕಲ್ಲ. ಮುರಿಗೆಪ್ಪ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಕೇಳಿದ, "ಅವಳೇನು ಮಾಡ್ತಿದ್ಲು?"

ಹಾಲಮ್ಮ ಅಂದಳು, "ಒಳಗೆ ಕೂತು ಫೋನಲ್ಲಿ ನೋಡ್ತಿದ್ಲು. ಯಾರೋ ಹುಡುಗರು ಪಂದ್ಯಾನ ಮೈದಾನದಿಂದಲೇ ಲೈವ್ ಹಾಕ್ತಿದ್ರಂತೆ."

"ಅದಕ್ಕೇ ಮತ್ತೆ" ಅಂದ.

ನಗ್ತಿದ್ದೀರಿ. ನಗಿ. ಆದರೆ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸ್ಕೊಂಡ ಆ ಹುಡುಗಿ ನಗಲಿಲ್ಲ. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಅತ್ತೆಗೆ ಹೇಳಿ, ತೌರುಮನೆ ಬಸ್ಸು ಹತ್ತಿದಳು. ಜಗಳ ಇಲ್ಲ, ಅಳು ಇಲ್ಲ. "ನಾನಿದ್ರೆ ಮಾವನಿಗೆ ಸಂಕಟ, ನಾನು ಹೋಗಿರ್ತೀನಿ" ಅಂದಳಂತೆ, ಅಷ್ಟೇ. ನಾಗಭೂಷಣ ಅಪ್ಪನ ಜೊತೆ ಮಾತು ಬಿಟ್ಟ. ಎದುರೆದುರು ಕೂತು ಉಣ್ಣೋ ತಂದೆ ಮಗ, ಸಾರು ಬೇಕಾದರೆ ತಾಯಿಯ ಮೂಲಕ ಕೇಳೋ ಹಾಗಾಯ್ತು.

ಮುರಿಗೆಪ್ಪನಿಗೆ ಊಟ ಸೇರದು. ಭಟ್ಟಿ ಕಡೆ ಮುಖ ಹಾಕಲ್ಲ. ಒಂಬತ್ತು ಗೆದ್ದವರು ನಾಲ್ಕು ಸೋತರಲ್ಲ, ಹೇಗೆ ಸೋತರು, ಯಾಕೆ ಸೋತರು, ಅದೇ ಕೊರೆತ. ವಾರ ಕಳೆದ ಮೇಲೆ ತಡೀಲಾರದೆ ತಂಡದ ಕ್ಯಾಪ್ಟನ್ ಹತ್ತಿರ ಹೋದ. ಕ್ಯಾಪ್ಟನ್ ಅಲ್ತಾಫ್, ಲಾರಿ ಗ್ಯಾರೇಜಲ್ಲಿ ಮೆಕ್ಯಾನಿಕ್. ಲಾರಿ ಕೆಳಗೆ ಮಲಗಿ ಏನೋ ಬಿಚ್ಚುತ್ತಿದ್ದ. ಮುರಿಗೆಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದ, "ಅಲ್ತಾಫ್, ನಿಜ ಹೇಳು. ಏನಾಯ್ತು ನಿಮಗೆ?"

ಅವನು ಹೊರಗೆ ಬಂದು ಕೈ ಒರೆಸ್ಕೊಂಡ. "ಏನಾಗ್ಬೇಕು ಅಣ್ಣಾರೇ? ಸುಸ್ತಾಗಿದ್ವಿ. ಅವರು ನಮ್ಮ ಆಟ ಕಲಿತುಬಿಟ್ಟಿದ್ರು. ಅವರು ಚೆನ್ನಾಗಿ ಆಡಿದ್ರು, ನಾವು ಆಡ್ಲಿಲ್ಲ."

"ಅಷ್ಟೇನಾ?"

"ಅಷ್ಟೇ. ನಿಮ್ಮ ಸೊಸೆ ಹನ್ನೆರಡನೇ ಪಂದ್ಯ ಮುಗಿದಾಗ ನನ್ನ ಹತ್ರ ಬಂದು ಹೇಳಿದ್ರು. ಅಣ್ಣ, ನೀವು ಬಾಲ್ ಬರೀ ಎಡಗಡೆಗೇ ಎತ್ತುತ್ತೀರ, ಅವರು ಅಲ್ಲೇ ಕಾಯ್ಕೊಂಡು ನಿಂತಿರ್ತಾರೆ ಅಂತ. ನಿಜವೇ. ಹದಿಮೂರನೇದರಲ್ಲಿ ಬದಲಾಯಿಸಿ ನೋಡಿದ್ವಿ. ಅದಕ್ಕೇ ಐದು ಸೆಟ್‌ವರೆಗೆ ಎಳೆದಿದ್ದು. ಆದರೂ ಕೈಲಾಗ್ಲಿಲ್ಲ." ಆಮೇಲೆ ಕೇಳಿದ, "ಭಟ್ಟಿ ಮುಂದೆ ನೀವೇನೋ ಅಂದ್ರಂತೆ. ಅಣ್ಣಾರೇ, ಒಂಬತ್ತು ಗೆದ್ದಾಗ ಯಾರ ಕಾಲ್ಗುಣ ಅಂದ್ರಿ?"

"ಯಾರದೂ ಇಲ್ಲ. ಹುಡುಗರು ಚೆನ್ನಾಗಿ ಆಡ್ತಾರೆ ಅಂದೆ."

"ಗೆದ್ದಾಗ ನಾವು ಆಡಿದ್ದು. ಸೋತಾಗ ಮಾತ್ರ ಆಯಮ್ಮ ಬಂದಿದ್ದಾ?"

ಮುರಿಗೆಪ್ಪ ಎದ್ದ. ಮನೆಗೆ ಹೋಗಲಿಲ್ಲ. ಹೊಳಲ್ಕೆರೆ ಬಸ್ಸು ಹತ್ತಿದ.

ಬೀಗರ ಮನೇಲಿ ಶಾಂಭವಿ ಜಗುಲಿ ಮೇಲೆ ಕೂತು ಕಡಲೆಕಾಯಿ ಸುಲೀತಿದ್ದಳು. ಮಾವನನ್ನ ನೋಡಿ ಎದ್ದು ನೀರು ತಂದುಕೊಟ್ಟಳು. ಮುರಿಗೆಪ್ಪ ನೀರು ಕುಡಿದು ಅಂದ, "ತಪ್ಪಾಯ್ತಮ್ಮ. ಬಾ, ಮನೆಗೆ ಹೋಗೋಣ."

ಆಕೆ ಅಂದಳು, "ಮಾವ, ನೀವು ಆ ಮಾತು ಅಂದಿದ್ದು ಭಟ್ಟಿ ಮುಂದೆ, ಹತ್ತು ಜನರೆದುರು. ತಪ್ಪಾಯ್ತು ಅಂತ ಹೇಳ್ತಿರೋದು ಇಲ್ಲಿ, ನನ್ನೊಬ್ಬಳ ಮುಂದೆ. ಆ ಹತ್ತು ಜನಕ್ಕೆ ಇದು ಹೇಗೆ ಗೊತ್ತಾಗುತ್ತೆ? ನಾಳೆ ಮಳೆ ಬರದಿದ್ರೂ ನಾನೇ, ಭಟ್ಟಿ ಆರಿದ್ರೂ ನಾನೇ ಅಂತಾರೆ."

ಎಂಥ ಮಾತು ನೋಡಿ. ಇಪ್ಪತ್ತಮೂರು ವರ್ಷದ ಹುಡುಗಿ. ಮುರಿಗೆಪ್ಪನಿಗೆ ಸಿಟ್ಟು ಬಂತಂತೆ ಮೊದಲು. ಅವನೇ ನನಗೆ ಹೇಳಿದ್ದು. ಊರಲ್ಲಿ ನಾನು ದೊಡ್ಡವನು, ಸೊಸೆ ಮಾತು ಕೇಳಿ ಆಳುಗಳೆದುರು ತಲೆ ತಗ್ಗಿಸ್ಲಾ ಅನ್ನಿಸಿತು. ವಾಪಸ್ ಬರೋ ಬಸ್ಸಲ್ಲಿ ಪೂರ್ತಿ ದಾರಿ ಅದೇ ಯೋಚನೆ. ಊರು ಬರೋ ಹೊತ್ತಿಗೆ ಒಂದು ತಿಳೀತು. ಅಂದಿದ್ದು ನನ್ನ ಬಾಯಿ, ಅದನ್ನ ಅಳಿಸೋಕೆ ಇನ್ಯಾರ ಬಾಯಿ ಬರುತ್ತೆ?

ಮಾರನೇ ಬೆಳಿಗ್ಗೆ ಭಟ್ಟಿ ಮುಂದೆ ನಿಂತ. ಆಳುಗಳು, ಗಿರಾಕಿಗಳು, ಟೀಗೆ ಬಂದವರು, ಎಲ್ಲ ಇದ್ದರು. "ಮೊನ್ನೆ ನಾನಿಲ್ಲಿ ಸೊಸೆ ಬಗ್ಗೆ ಒಂದು ಮಾತು ಅಂದೆ. ಅದು ಸುಳ್ಳು. ನಮ್ಮ ಹುಡುಗರು ಆಡಿ ಸೋತರು. ನನಗೆ ಸೋಲು ತಡೀಲಿಕ್ಕೆ ಆಗ್ಲಿಲ್ಲ, ಯಾರ ತಲೆಗಾದ್ರೂ ಕಟ್ಟಬೇಕಿತ್ತು, ಎದುರಿಗೆ ಅವಳು ಸಿಕ್ಕಳು." ಒಬ್ಬರೂ ನಗಲಿಲ್ಲ. ಅವತ್ತು ಸಂಜೆ ಮಗ ಅಪ್ಪನ ತಟ್ಟೆಗೆ ತಾನೇ ಸಾರು ಬಡಿಸಿದ. ಎಂಟು ದಿನಕ್ಕೆ ಶಾಂಭವಿ ಬಂದಳು.

ಮರುವರ್ಷ ಶೀಲ್ಡು ಬಂತಾ ಅಂತ ಕೇಳ್ತೀರಿ. ಇಲ್ಲ, ಮೂರನೇ ಸ್ಥಾನ. ಹದಿನಾಲ್ಕು ಪಂದ್ಯಕ್ಕೂ ಸೊಸೆ ಮುಂದಿನ ಸಾಲಲ್ಲೇ ಕೂತಿದ್ದಳು. ಗೆದ್ದಾಗಲೂ, ಸೋತಾಗಲೂ.

ಈಗ ನಿಮ್ಮ ಕಡೆ ಬರ್ತೀನಿ. ನೀವು ಮುರಿಗೆಪ್ಪನನ್ನ ನೋಡಿ ನಕ್ಕಿರಿ. ನಿಮ್ಮ ಮನೇಲಿ ಮಗು ಹುಟ್ಟಿದ ವರ್ಷ ಅಂಗಡಿ ವ್ಯಾಪಾರ ಬಿದ್ದರೆ ಏನಂದ್ರಿ? ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಗಂಡ ತೀರಿಕೊಂಡ ಒಬ್ಬ ತಾಯಿ ಎದುರು ಬಂದರೆ ಒಳಗೆ ಹೋಗಿ ನೀರು ಕುಡಿದು ಬರ್ತೀರೋ ಇಲ್ಲವೋ? ಮಗ ಪರೀಕ್ಷೇಲಿ ಫೇಲಾದರೆ ಅವನು ಓದಲಿಲ್ಲ ಅಂತ ಮೊದಲು ಹೇಳ್ತೀರೋ, ಆ ಹೆಣ್ಣು ಈ ಮನೆಗೆ ಬಂದಾಗಿನಿಂದ ಅಂತ ಶುರುಮಾಡ್ತೀರೋ? ನಮಗೆ ಸೋಲಿಗಿಂತ ಕಷ್ಟ ಯಾವುದು ಗೊತ್ತಾ? ಯಾರ ತಪ್ಪೂ ಇಲ್ಲದ ಸೋಲು. ಅದನ್ನ ನುಂಗಲಾರದೆ ಒಬ್ಬರ ಹೆಸರು ಹುಡುಕ್ತೀವಿ. ಯಾರ ಹೆಸರು? ತಿರುಗಿ ಮಾತಾಡದವರ ಹೆಸರು. ಮನೆಗೆ ಹೊಸಬರು, ಬಡವರು, ಒಂಟಿ ಹೆಂಗಸರು. ಶ್ರೀಮಂತನ ಕಾಲ್ಗುಣ ಕೆಟ್ಟದ್ದು ಅಂತ ಯಾರಾದ್ರೂ ಅಂದಿದ್ದು ಕೇಳಿದ್ದೀರಾ?

ದೇವರು ಯಾರ ಕಾಲಿಗೂ ಕೇಡು ಕಟ್ಟಿ ಕಳಿಸಿಲ್ಲ. ಇದರಲ್ಲಿ ನನಗೆ ಒಂದೆಳ್ಳಷ್ಟೂ ಅನುಮಾನ ಇಲ್ಲ, ನಿಮಗೂ ಇರಬಾರದು.

ಹಾಗಾದರೆ ಏನು ಮಾಡಬೇಕು? ಇವತ್ತಿಂದ ಮನೇಲಿ ಕೆಲಸ ಕೆಟ್ಟರೆ, ಯಾರು ಬಂದ ಮೇಲೆ ಕೆಟ್ಟಿತು ಅಂತ ಕೇಳಬೇಡಿ. ಏನು ಮಾಡಿದ್ದಕ್ಕೆ ಕೆಟ್ಟಿತು ಅಂತ ಕೇಳಿ. ಉತ್ತರ ಸಿಗದಿದ್ರೆ, ಸೋತೆವು ಅಂದು ಸುಮ್ಮನಿರಿ. ಸೋತೆವು ಅನ್ನೋದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಇನ್ನೊಂದು ಇದೆ, ಇದು ಕಷ್ಟದ್ದು. ಯಾರ ಮೇಲಾದರೂ ನೀವು ಈಗಾಗಲೇ ಅಂಥ ಮಾತು ಆಡಿದ್ದರೆ, ಕೋಣೆಯೊಳಗೆ ಕರೆದು ಗುಟ್ಟಾಗಿ ಸಮಾಧಾನ ಹೇಳಬೇಡಿ. ಎಲ್ಲಿ ಆಡಿದ್ರೋ ಅಲ್ಲೇ ಹೋಗಿ, ಅದೇ ಜನರೆದುರು, ನಾನು ಆಡಿದ್ದು ಸುಳ್ಳು ಅಂತ ಬಾಯಿಬಿಟ್ಟು ಹೇಳಿ. ಪ್ರಸಾದಕ್ಕೆ ಇನ್ನೂ ಅರ್ಧ ಗಂಟೆ ಇದೆ. ಯಾರ ಹತ್ತಿರ ಹೋಗಬೇಕು ಅಂತ ನಿಮ್ಮಲ್ಲಿ ಕೆಲವರಿಗೆ ಈಗಲೇ ಗೊತ್ತಾಗಿದೆ. ಅವರೂ ಇಲ್ಲೇ ಎಲ್ಲೋ ಕೂತಿದ್ದಾರೆ. ಏಳಿ.